ಭಾವನ ಕೂದಲು ಮತ್ತು ವೈರ್ ಇಲ್ಲದ ತಟ್ಟೆ

ನಮ್ಮ ಭಾವ, ಎಂದರೆ ಅಕ್ಕನ ಗಂಡ, ಕ್ಷೌರದಂಗಡಿ ಇಟ್ಟವರು. ಎರಡು ಕುರ್ಚಿ, ಗೋಡೆಯುದ್ದಕ್ಕೂ ಒಂದೇ ಕನ್ನಡಿ, ಕಾಯುವವರಿಗೆ ಒಂದು ಬೆಂಚು. ಬೋರ್ಡು ಮಾಸಿಹೋಗಿದ್ದರೂ ಅದಕ್ಕೆ ಬಣ್ಣ ಹಚ್ಚಿಸುವ ಗೋಜಿಗೆ ಅವರು ಹೋಗಿರಲಿಲ್ಲ. ಅಂಗಡಿಯ ನಿಜವಾದ ಬೋರ್ಡು ಅವರ ತಲೆಯೇ ಆಗಿತ್ತು. ಕಪ್ಪನೆಯ, ದಟ್ಟವಾದ, ಹಿಂದಕ್ಕೆ ಬಾಚಿದ ಕೂದಲು. ಬಂದವರೆಲ್ಲ "ನಿಮ್ಮ ಥರಾನೇ ಮಾಡಿ" ಎನ್ನುವವರೇ. ಭಾವ ಅವರ ತಲೆಯನ್ನೊಮ್ಮೆ ಅತ್ತಿತ್ತ ತಿರುಗಿಸಿ, "ಇರೋದ್ರಲ್ಲಿ ನೋಡೋಣ" ಎನ್ನುತ್ತಿದ್ದರು.

ಅಷ್ಟೊಳ್ಳೆ ಕೂದಲಿನ ಮನುಷ್ಯ ಫ್ಯಾನಿನ ಕೆಳಗೆ ಮಾತ್ರ ಅಪ್ಪಿತಪ್ಪಿಯೂ ಕೂರುತ್ತಿರಲಿಲ್ಲ. ಫ್ಯಾನು ಬೆಂಚಿನ ಮೇಲೆ ತಿರುಗುತ್ತಿತ್ತು, ಭಾವ ಮೂಲೆಯಲ್ಲಿ ನಿಂತು ಬೆವರು ಒರೆಸಿಕೊಳ್ಳುತ್ತಿದ್ದರು. ಕೇಳಿದರೆ, "ಗಾಳಿ ಆಗಲ್ಲಮ್ಮ, ನೆಗಡಿ ಬರುತ್ತೆ." ಪಕ್ಕದಲ್ಲೇ ಜೆರಾಕ್ಸ್ ಅಂಗಡಿ ನಡೆಸುವ ನನಗೆ ಈ ನಾಜೂಕು ನೋಡಿ ಮೈಯೆಲ್ಲ ಉರಿಯುತ್ತಿತ್ತು.

ಗಿರಾಕಿಗಳು ಕುರ್ಚಿಗೆ ಕೂತೊಡನೆ ಚಾರ್ಜರ್ ಕೇಳುತ್ತಿದ್ದರು. ವೈರು ಕುತ್ತಿಗೆಗೆ ಕಟ್ಟಿದ ಬಟ್ಟೆಯ ಮೇಲೆಲ್ಲ ಹರಿದಾಡುತ್ತಿತ್ತು. ಒಂದು ದಿನ ಒಬ್ಬರು ಫೋನು ಚಾರ್ಜಿಗೆ ಸಿಕ್ಕಿಸಿಕೊಂಡೇ ಮಾತಾಡುತ್ತಿದ್ದಾಗ, ಭಾವ ಕಿವಿಯ ಪಕ್ಕದ ಕೂದಲಿನ ಜೊತೆಗೆ ವೈರನ್ನೂ ಕಚಕ್ಕೆಂದು ಕತ್ತರಿಸಿಬಿಟ್ಟರು. ಆಮೇಲೇ ಕನ್ನಡಿಯ ಕೆಳಗಿನ ಹಲಗೆಗೆ ವೈರ್‌ಲೆಸ್ ಚಾರ್ಜರ್ ಬಂದದ್ದು. ಅಂಗೈಯಗಲದ ಕಪ್ಪು ತಟ್ಟೆ, ಫೋನನ್ನು ಅದರ ಮೇಲೆ ಮಲಗಿಸಿದರೆ ಸಾಕು.

ಮಲಗಿಸಿದರೆ ಸಾಕು ಎಂದು ಯಾರೂ ನಂಬಲಿಲ್ಲ ಎನ್ನುವುದೇ ತಮಾಷೆ. ಪೋಸ್ಟಾಫೀಸಿನಿಂದ ನಿವೃತ್ತರಾದ ತಾತ ಫೋನನ್ನು ಜೇಬಿನಲ್ಲೇ ಇಟ್ಟುಕೊಂಡು ಬೆಂಚಿನ ಮೇಲೆ ಕೂತು, "ವೈರ್ ಇಲ್ಲ ಅಂದ್ಮೇಲೆ ಗಾಳೀಲೇ ಬರಬೇಕಲ್ವಾ? ಒಂದು ಗೀಟೂ ಏರಿಲ್ಲ" ಎಂದು ರೇಗಿದರು. ಇಟ್ಟ ಫೋನು ಸ್ವಲ್ಪ ಬೆಚ್ಚಗಾದರೆ ಅಕ್ಕ ಒದ್ದೆ ಬಟ್ಟೆ ತರಲು ಓಡುತ್ತಿದ್ದಳು, ಮಗುವಿಗೆ ಜ್ವರ ಬಂದ ಹಾಗೆ. ಭಾವನೇನು ಕಮ್ಮಿಯೇ? ತಟ್ಟೆಯ ಮೇಲೆ ಫೋನಿಲ್ಲದಾಗ ಕರೆಂಟು ಸುಮ್ಮನೆ ಸೋರಿಹೋಗುತ್ತದೆಂದು ಅದರ ಮೇಲೆ ಪೌಡರ್ ಡಬ್ಬಿಯ ಮುಚ್ಚಳ ಕವುಚಿಡುತ್ತಿದ್ದರು.

ಇಷ್ಟರವರೆಗೆ ಎಲ್ಲ ನಗೆಯೇ. ಮನೆ ಕಟ್ಟಿಸುವ ಕಂಟ್ರಾಕ್ಟರು ಬಾಯಿ ತೆರೆದ ಮೇಲೆ ಕಥೆ ಕೆಟ್ಟಿತು. ಅವರ ನೆತ್ತಿಯ ಮೇಲೆ ಆಗಲೇ ಸಣ್ಣ ಅಂಗಳ ಬಿದ್ದಿತ್ತು. ಕ್ಷೌರ ಮುಗಿಸಿ ಎದ್ದವರು ನೆಲಕ್ಕೆ ಬೆರಳು ತೋರಿಸಿದರು.

"ನೋಡ್ರೀ, ಎಷ್ಟು ಉದುರಿದೆ! ಈ ತಟ್ಟೆಯಿಂದ ಕಿರಣ ಬರುತ್ತೆ. ಬುರುಡೆಗೇ ಹೊಡೆಯುತ್ತೆ."

ಕ್ಷೌರದಂಗಡಿಯ ನೆಲದ ಮೇಲೆ ಕೂದಲು ಬೀಳದೆ ಮಲ್ಲಿಗೆ ಬೀಳುತ್ತದೆಯೇ? ನಾನು ಹೊಟ್ಟೆ ಹಿಡಿದುಕೊಂಡು ನಕ್ಕೆ. ಬೆಂಚಿನಲ್ಲಿದ್ದವರು ನಗಲಿಲ್ಲ. ಒಬ್ಬೊಬ್ಬರೇ ತಲೆ ಮುಟ್ಟಿಕೊಂಡು ಹೊರಗೆ ಹೋದರು. ಎದುರು ಸಾಲಿನ ಕ್ಷೌರದಂಗಡಿಯವನು ಆ ವಾರವೇ ಬಾಗಿಲಿಗೆ ಕಾಗದ ಅಂಟಿಸಿದ: "ಇಲ್ಲಿ ವೈರ್ ಚಾರ್ಜರ್ ಮಾತ್ರ." ಆ ಕಾಗದವನ್ನು ಜೆರಾಕ್ಸ್ ಮಾಡಿಸಿಕೊಂಡು ಹೋದದ್ದು ನನ್ನ ಹತ್ತಿರವೇ, ನಾಚಿಕೆಯಿಲ್ಲದ ಮುಂಡೇದು!

ಭಾವನ ಎರಡನೆಯ ಕುರ್ಚಿಗೆ ಧೂಳು ಹಿಡಿಯಿತು. ಹೀಗೇ ಆದರೆ ಅಂಗಡಿ ಮುಚ್ಚಬೇಕಾಗುತ್ತದೆ ಎಂದು ಅಕ್ಕ ಅತ್ತಳು.

"ಆ ದರಿದ್ರ ತಟ್ಟೆ ಬಿಸಾಕಿ ಭಾವ" ಎಂದೆ.

"ಬಿಸಾಕಿದ್ರೆ ಅವರು ಹೇಳಿದ್ದೇ ನಿಜ ಅಂತ ಒಪ್ಪಿಕೊಂಡ ಹಾಗಲ್ವೇನಮ್ಮ?"

"ಹಾಗಾದ್ರೆ ಇರೋ ವಿಷಯ ಹೇಳಿಬಿಡಿ, ರೀ" ಎಂದಳು ಅಕ್ಕ.

"ಪ್ರಾಣ ಹೋದ್ರೂ ಇಲ್ಲ" ಎಂದು ಭಾವ ಕನ್ನಡಿಯ ಕಡೆ ತಿರುಗಿದರು. ಯಾವ ವಿಷಯ ಎಂದು ನನಗೆ ತಲೆಬುಡ ತಿಳಿಯಲಿಲ್ಲ.

ಮಾರನೆಯ ದಿನ ತಾತನೊಬ್ಬರೇ ಗಡ್ಡ ಮಾಡಿಸಿಕೊಳ್ಳುತ್ತಿದ್ದರು. ಅಕ್ಕ ಊಟದ ಡಬ್ಬಿ ತಂದಿದ್ದಳು, ನಾನು ಬಾಗಿಲಲ್ಲಿ ನಿಂತಿದ್ದೆ. ಕಂಟ್ರಾಕ್ಟರು ನಾಲ್ಕು ಜನರನ್ನು ಬೆನ್ನಿಗೆ ಕಟ್ಟಿಕೊಂಡು ಬಂದರು.

"ಇಡೀ ದಿನ ತಟ್ಟೆ ಪಕ್ಕದಲ್ಲೇ ನಿಲ್ತೀರಿ. ನಿಮ್ಮ ಕೂದಲು ಮಾತ್ರ ಹೆಂಗ್ರೀ ಹಂಗೇ ಇದೆ? ಏನೋ ಔಷಧಿ ಇಟ್ಕೊಂಡಿದೀರಿ. ನಮಗೆ ಕಿರಣ, ನಿಮಗೆ ಔಷಧಿ!"

ಜನ ಹೌದು ಹೌದು ಎಂದರು. ಭಾವನ ಮುಖ ಬಿಳಿಚಿಕೊಂಡಿತು. ಅವರ ಹೆಮ್ಮೆಯ ತಲೆಯೇ ಅವರ ಮೇಲೆ ಸಾಕ್ಷಿ ಹೇಳುತ್ತಿತ್ತು. ರೇಜರನ್ನು ಮೆಲ್ಲಗೆ ಕೆಳಗಿಟ್ಟರು. ಅಕ್ಕನ ಕಡೆ ನೋಡಿದರು. ಅಕ್ಕ ತಲೆಯಾಡಿಸಿದಳು. ಭಾವ ಎರಡೂ ಕೈ ಹಣೆಗೊಯ್ದು ಕೂದಲನ್ನು ಮುಚ್ಚಳದ ಹಾಗೆ ಎತ್ತಿ, ಆ ತಟ್ಟೆಯ ಮೇಲೇ ಇಟ್ಟರು.

ವಿಗ್ಗು!

ಒಳಗಿನ ತಲೆ ಮೊಟ್ಟೆಯ ಹಾಗೆ ಹೊಳೆಯುತ್ತಿತ್ತು. ತಾತ ಅರ್ಧ ಗಡ್ಡದ ನೊರೆಯಲ್ಲೇ ಬಾಯಿ ಬಿಟ್ಟು ಕೂತರು.

"ನನ್ನ ಕೂದಲು ಉದುರಿದ್ದು ಮದುವೆಗೂ ಮುಂಚೆ" ಎಂದರು ಭಾವ. "ಆಗ ಈ ತಟ್ಟೆಯೂ ಇರಲಿಲ್ಲ, ನನ್ನ ಹತ್ರ ಫೋನೂ ಇರಲಿಲ್ಲ. ಇನ್ನು ಯಾರ ಮೇಲೆ ತಪ್ಪು ಹೊರಿಸ್ತೀರೋ ಹೊರಿಸಿ."

ನನಗೆ ನಗು ಬರಲಿಲ್ಲ. ಇಷ್ಟು ವರ್ಷ ಈ ಮನುಷ್ಯನನ್ನು ಜಂಭದ ಕೋಳಿ ಎಂದು ಆಡಿಕೊಂಡಿದ್ದೆನಲ್ಲ ಎಂದು ನಾಚಿಕೆಯಾಯಿತು.

ತಾತ ಬಗ್ಗಿ ತಟ್ಟೆಯನ್ನೇ ನೋಡಿ, "ಚಾರ್ಜ್ ಆಗ್ತಿದೆಯಾ?" ಎಂದರು. ಮೊದಲು ನಕ್ಕವಳು ಅಕ್ಕ. ಆಮೇಲೆ ಎಲ್ಲರೂ. ಬಂದವರಲ್ಲಿ ಇಬ್ಬರು ಅಲ್ಲೇ ಬೆಂಚಿನ ಮೇಲೆ ಕೂತರು.

ಕಂಟ್ರಾಕ್ಟರು ಮಾತ್ರ ನಗಲಿಲ್ಲ. ಎಲ್ಲರೂ ಹೋಗುವವರೆಗೆ ಕಾದಿದ್ದು, ಎರಡನೆಯ ಕುರ್ಚಿಯ ಧೂಳನ್ನು ತಾವೇ ಒರೆಸಿ ಕೂತರು. ತಲೆ ತಗ್ಗಿಸಿ, ಪಿಸುಮಾತಿನಲ್ಲಿ ಕೇಳಿದರು: "ಅದನ್ನ ಎಲ್ಲಿ ಮಾಡಿಸಿದ್ರಿ?"

"ನಾಳೆ ಕರ್ಕೊಂಡು ಹೋಗ್ತೀನಿ ಬಿಡಿ" ಎಂದರು ಭಾವ. ಸಿಟ್ಟು ಒಂದು ಚೂರೂ ಇರಲಿಲ್ಲ.

ಆಮೇಲೆ ಬೆಂಚಿಗೆ ಬಂದು, ಫ್ಯಾನಿನ ನೇರ ಕೆಳಗೆ ಕೂತು ಕಣ್ಣು ಮುಚ್ಚಿದರು.

"ಜೋರು ಮಾಡಮ್ಮ" ಎಂದರು ನನಗೆ.

ನಾನು ಫ್ಯಾನಿನ ರೆಗ್ಯುಲೇಟರನ್ನು ಪೂರ್ತಿ ತಿರುಗಿಸಿದೆ.