ಗುಡಿಯ ಮುಂದೆ ಕಾರಿಳಿಯದ ಆಂಟಿ

ನಿನ್ನೆ ಇಲ್ಲಿ ಅಮೆರಿಕದಲ್ಲಿ, ನಮ್ಮ ಬಡಾವಣೆ ಮೀರಾ ಮೆಸಾದ ತರಕಾರಿ ಅಂಗಡಿ ಮುಂದೆ ದೇವಕಣಗಿಲೆ ಹೂವೊಂದು ಬಿದ್ದಿತ್ತು. ಎತ್ತಿ ಮೂಸಿದೆ. ಮೂಸಬಾರದಿತ್ತು... ಇದೇ ಹೂವು ಎಲ್ಲೆಡೆ ಬಿದ್ದಿದ್ದ ಬಾಲಿ ದ್ವೀಪದ ಆ ಬೆಳಗು, ಪಕ್ಕದ ಮನೆ ಆಂಟಿ, ಎಲ್ಲ ಒಟ್ಟಿಗೆ ನೆನಪಿಗೆ ಬಂದವು.

ಆಂಟಿ ಧಾರವಾಡದವರು. ನಾವು ಗಂಡ ಹೆಂಡತಿ ಆಫೀಸಿಗೆ ಹೋದರೆ ನಮ್ಮ ಮಗಳನ್ನು ಸ್ಕೂಲಿನಿಂದ ಕರೆತಂದು, ಉಣಿಸಿ, ಬೈದು, ಬೆಳೆಸಿದವರೇ ಅವರು. ಮಗಳಿಗೆ ಅವರು ಅಜ್ಜಿ. ಕೋವಿಡ್ ಮುಗಿದ ಮೇಲೆ ಮೊದಲ ಸಲ ಪ್ರವಾಸ ಹೊರಟಾಗ, ಅಜ್ಜಿ ಬರದಿದ್ದರೆ ತಾನೂ ಬರುವುದಿಲ್ಲ ಎಂದು ಹಟ ಹಿಡಿದಳು. ಕರೆದುಕೊಂಡೇ ಹೋದೆವು.

ಅಲ್ಲಿ ಒಂದು ದಿನ ಗೈಡ್ ತನ್ನ ಕಾರಿನಲ್ಲಿ ಗುಡಿಗಳನ್ನೂ ಹಳ್ಳಿಗಳನ್ನೂ ತೋರಿಸಲು ಕರೆದೊಯ್ದ. ಹಿಂದಿನ ದಿನವೆಲ್ಲ ಗುಡಿ ಗುಡಿ ಎಂದು ಕುಣಿದಿದ್ದ ಆಂಟಿ ಮೊದಲ ಗುಡಿಯ ಮುಂದೆ ಕಾರಿನಿಂದ ಇಳಿಯಲೇ ಇಲ್ಲ. ಎರಡನೆಯದರಲ್ಲೂ ಅಷ್ಟೇ. ಮಗಳು ಕೈ ಹಿಡಿದು ಎಳೆದಳು.

"ನೀವು ಹೋಗಿ ಬರ್ರಿ. ನಾ ಇಲ್ಲೇ ಕೂಡ್ತೀನಿ."

"ಕಾಲು ನೋವಾ ಆಂಟಿ? ಇಷ್ಟು ದೂರ ಬಂದು ಕಾರಲ್ಲೇ ಕೂತ್ಕೊಂಡ್ರೆ ಹೇಗೆ?" ನನಗೆ ಸಿಟ್ಟೇ ಬಂದಿತ್ತು.

ಗೈಡ್ ಹಿಂತಿರುಗಿ ನೋಡಿದ. ಮನೆಯಲ್ಲಿ ಯಾರಾದರೂ ತೀರಿಕೊಂಡರೇ ಎಂದು ಇಂಗ್ಲಿಷಿನಲ್ಲಿ ಮೆಲ್ಲಗೆ ಆಂಟಿಯನ್ನು ಕೇಳಿದ. ಸಾವಾದ ಮನೆಯವರು ಅವರಲ್ಲೂ ಗುಡಿಯೊಳಗೆ ಕಾಲಿಡುವುದಿಲ್ಲವಂತೆ.

ಆಂಟಿ ಸೆರಗನ್ನು ಬಾಯಿಗೆ ಒತ್ತಿಕೊಂಡರು.

"ನನ್ನ ತಮ್ಮ ಹೋದನವಾ... ಮುಂಜಾನೆ ಊರಿಂದ ಫೋನ್ ಬಂದಿತ್ತು. ಹೇಳಿ ಏನ್ ಮಾಡೂದದ? ನಾ ಮುಟ್ಟೂದರಾಗ ಎಲ್ಲಾ ಮುಗದಿರ್ತದ. ಕೂಸಿನ ಖುಷಿ ಯಾಕ ಕೆಡಸ್ಲಿ?"

ಬೆಳಿಗ್ಗೆ ಅವರು ತಲೆಗೆ ಸ್ನಾನ ಮಾಡಿ ಬಂದಾಗ, ಇವತ್ತೇನು ಹಬ್ಬವಾ ಆಂಟಿ ಎಂದು ತಮಾಷೆ ಮಾಡಿದ್ದೆ.

ಗೈಡ್ ಉಳಿದ ಗುಡಿಗಳನ್ನೆಲ್ಲ ಬಿಟ್ಟು, ಗದ್ದೆಗಳ ನಡುವಿನ ರಸ್ತೆಯಲ್ಲೇ ಸಂಜೆವರೆಗೂ ನಿಧಾನವಾಗಿ ಡ್ರೈವ್ ಮಾಡಿದ. ಕಿಟಕಿಯಾಚೆ ಕಣ್ಣು ತುಂಬುವಷ್ಟು ಹಸಿರು. ಆಂಟಿ ಒಂದನ್ನೂ ನೋಡಲಿಲ್ಲ. ಅಜ್ಜಿ ಯಾಕೆ ಗುಡಿಗೆ ಬರಲಿಲ್ಲ ಎಂದು ಮಗಳು ಕೇಳಿದಳು. "ನಮ್ಮವರು ತೀರ್ಕೊಂಡ್ರೆ ದೇವಸ್ಥಾನಕ್ಕೆ ಹೋಗಲ್ಲ ಪುಟ್ಟಿ," ಎಂದೆ.

ಹೋದ ವಾರ ಆಂಟಿಯೂ ಹೋದರು. ನಿದ್ದೆಯಲ್ಲೇ... ಲಾಸ್ ಏಂಜಲೀಸ್‌ನಿಂದ ಅವರ ಮಗ ಬಂದು, ಎಲ್ಲ ಮುಗಿಸಿ, ಮನೆಗೆ ಬೀಗ ಹಾಕಿಕೊಂಡು ಹೋದ. ಆ ಬೀಗದ ಕಡೆ ನೋಡದೆಯೇ ದಿನಾ ಕಾರು ತೆಗೆಯುತ್ತೇನೆ. ಸ್ವಲ್ಪ ಸಮಾಧಾನವಾಗಲಿ ಎಂದು ಇವತ್ತು ದೇವಸ್ಥಾನಕ್ಕೆ ಹೊರಟೆವು. ಪಾರ್ಕಿಂಗ್‌ನಲ್ಲಿ ಮಗಳು ಸೀಟ್‌ಬೆಲ್ಟ್ ಬಿಚ್ಚಲಿಲ್ಲ.

"ಐ ಕಾಂಟ್ ಗೋ ಇನ್, ಅಮ್ಮ. ಅಜ್ಜಿ ಡೈಡ್."

ಅವರು ನಮ್ಮ ಸಂಬಂಧಿಕರಲ್ಲ, ನಮಗೆ ಸೂತಕ ಬರುವುದಿಲ್ಲ ಎನ್ನಲು ಹೊರಟೆ. ಬದಲಿಗೆ ಬಾಗಿಲು ಮುಚ್ಚಿಕೊಂಡು ಅವಳ ಪಕ್ಕದಲ್ಲಿ ಕೂತೆ.