ಕಾವಲಿಯ ಕದನವಿರಾಮ

ದೋಸೆಯ ಕಾವಲಿಯಲ್ಲಿ ರೊಟ್ಟಿ ಸುಡಬಾರದು. ನಮ್ಮ ಕರಾವಳಿಯ ಮನೆಗಳಲ್ಲಿ ಇದನ್ನು ಯಾರೂ ಕೂರಿಸಿ ಕಲಿಸುವುದಿಲ್ಲ. ಎಣ್ಣೆ ಕುಡಿದು ಕುಡಿದು ನುಣುಪಾದ ಆ ಕಬ್ಬಿಣದ ಮೇಲೆ ಒಣಹಿಟ್ಟು ಒಮ್ಮೆ ಕರಕಲಾಯಿತೆಂದರೆ ಮರುದಿನ ದೋಸೆ ಏಳುವುದಿಲ್ಲವೆಂದು ಎಲ್ಲರಿಗೂ ಗೊತ್ತು. ಇಷ್ಟು ಚಿಕ್ಕ ಸಂಗತಿಯಿಂದ ಎರಡು ದೇಶಗಳು ಕಾದಾಡುವುದನ್ನೂ ಆಮೇಲೆ ಸಂಧಿಗೆ ಬರುವುದನ್ನೂ ದೋಹಾದ ಬಿನ್ ಒಮ್ರಾನಿನ ಒಂದು ಅಡುಗೆಮನೆಯಲ್ಲಿ ಕಂಡೆ ಎಂದರೆ ನೀವು ನಗಬಹುದು. ನಗಿ, ಅಡ್ಡಿಯಿಲ್ಲ, ಪೂರ್ತಿ ಕೇಳಿ ನಗಿ.

ಸೈನ್ಯದಲ್ಲಿ ಹವಾಲ್ದಾರನಾಗಿ ನಿವೃತ್ತನಾದ ಮೇಲೆ ಕತಾರಿನ ಒಂದು ಸೆಕ್ಯುರಿಟಿ ಕಂಪೆನಿಗೆ ಸೇರಿದವನು ನಾನು. ಹೊಸ ಶತಮಾನದ ಮೊದಲ ವರ್ಷಗಳು. ಅತ್ತ ಗಡಿಯಲ್ಲಿ ಭಾರತ ಪಾಕಿಸ್ತಾನಗಳ ಸೈನ್ಯಗಳು ಎದುರುಬದುರಾಗಿ ನಿಂತಿದ್ದವು. ಇತ್ತ ಕಂಪೆನಿ ನಮಗೆಲ್ಲ ಇರಲು ಕೊಟ್ಟ ಹಳೆಯ ವಿಲ್ಲಾವೊಂದರಲ್ಲಿ ತುಳುನಾಡಿನ ನಾವೂ ಪಂಜಾಬ್, ಪೆಶಾವರ ಕಡೆಯ ಅವರೂ ಒಂದೇ ಒಲೆಯ ಮುಂದೆ ನಿಂತಿದ್ದೆವು. ಅವರ ಪೈಕಿ ಹೊಸಬನೊಬ್ಬ ನಮ್ಮ ಕಾವಲಿಯಲ್ಲಿ ರೊಟ್ಟಿ ಸುಟ್ಟ. ಮರುದಿನ ಬೆಳಗ್ಗೆ ದೋಸೆ ಹೊಯ್ದ ನಮ್ಮ ಬಂಟ್ವಾಳದ ರಫೀಕ್, ಅದು ಏಳದ್ದನ್ನು ಕಂಡು ಸಟ್ಟುಗ ಹಿಡಿದುಕೊಂಡೇ ಅವರ ಕೋಣೆಗೆ ನುಗ್ಗಿದ.

“ಬೇಕೂಂತಲೇ ಮಾಡಿದ್ದು ರೈಗಳೇ! ಯುದ್ಧ ಗಡಿಯಲ್ಲಿ ಅಲ್ಲ, ನಮ್ಮ ಒಲೆಯಲ್ಲೇ ಶುರುವಾಗಿದೆ!” ಎಂದು ಹಿಂದೆಯೇ ಓಡಿಬಂದ ನನ್ನತ್ತ ತಿರುಗಿ ಕೂಗಿದ.

ಒಂದು ಕಬ್ಬಿಣದ ತಟ್ಟೆಗೆ ಇಷ್ಟು ಗಲಾಟೆಯೇ ಎಂದು ಅವರು ನಕ್ಕರು. ನಗು ಕೈಗೆ ಇಳಿಯಿತು, ಕೈ ಕೊರಳಪಟ್ಟಿಗೆ ಏರಿತು. ಸಂಜೆ ಮ್ಯಾನೇಜರ್ ಬಂದು ಒಂದೇ ಮಾತು ಹೇಳಿದ: ಇನ್ನೊಂದು ಜಗಳವಾದರೆ ಖಲಾಸ್, ಎರಡೂ ಕಡೆಯವರು ಊರಿಗೆ. ಆ ಕೋಣೆಗಳಲ್ಲಿದ್ದವರ ಹಿಂದೆ ಎಷ್ಟು ಮನೆಗಳು ಉಣ್ಣುತ್ತಿದ್ದವೆಂದು ನೆನೆದು ಆ ರಾತ್ರಿಯೇ ಅವರ ಕೋಣೆಯ ಬಾಗಿಲು ತಟ್ಟಿದೆ.

ಆಚೆ ಕಡೆಯ ಹಿರಿಯ ಗುಲ್ ಜಮಾನ್, ಅವರ ಸೈನ್ಯದಲ್ಲಿ ನಾಯಕ್ ದರ್ಜೆಯಲ್ಲಿದ್ದು ನಿವೃತ್ತನಾದವನು. ನನ್ನ ಹಾಗೆಯೇ ಹಾಸಿಗೆಯ ಹೊದಿಕೆಯನ್ನು ಸುಕ್ಕಿಲ್ಲದೆ ಎಳೆದು ಮಡಿಸುವವನು, ನನ್ನ ಹಾಗೆಯೇ ಕ್ಷೌರವಾಗದೆ ಚಹಾ ಮುಟ್ಟದವನು. ಮೆಟ್ಟಿಲ ಮೇಲೆ ಕೂತು ನಾನು ಅವನಿಗೆ ಗಡಿಯ ತೊರೆಯೊಂದರ ಕತೆ ಹೇಳಿದೆ. ಬೆಳಗ್ಗೆ ನೀರಿಗೆ ಇಳಿಯುವವನು ಬನಿಯನ್ನಿನಲ್ಲಿ, ಬಂದೂಕಿಲ್ಲದೆ, ಕೊಡ ಬಡಿಯುತ್ತ ಇಳಿಯುತ್ತಿದ್ದ; ಆಚೆಯವರು ಗುಂಡು ಹಾರಿಸುತ್ತಿರಲಿಲ್ಲ. ಅವರ ಸರದಿಯಲ್ಲಿ ನಾವೂ ಅಷ್ಟೆ. ಯಾರೂ ಮಾತಾಡಿಕೊಂಡದ್ದಲ್ಲ.

“ಆಮೇಲೆ ನಿಮ್ಮ ಹೊಸ ಪಲ್ಟನ್ ಬಂದು ನಮ್ಮ ಕೊಡವನ್ನೇ ತೂತು ಮಾಡಿತು ನೋಡು.”

“ನಮ್ಮ ಠಾಣ್ಯದಲ್ಲಿ ಮೇಕೆ, ಹವಾಲ್ದಾರ್ ಸಾಬ್,” ಎಂದ ಗುಲ್ ಜಮಾನ್. “ದಾರಿ ತಪ್ಪಿ ಬಂದ ಮೇಕೆಯನ್ನು ಎರಡೂ ಕಡೆಯವರು ಹಿಂದಕ್ಕೆ ಅಟ್ಟುತ್ತಿದ್ದೆವು. ನಿಮ್ಮ ಹೊಸ ಪಲ್ಟನ್ ಬಂದು ತಿಂದುಬಿಟ್ಟಿತು!”

“ನಿಮ್ಮ ಹೊಸಬರಿಗೆ ಯಾರೂ ಹೇಳಲಿಲ್ಲವೇ?” ಎಂದೆ.

“ನೀವು ಹೇಳಿದ್ದಿರಾ?”

ಇಲ್ಲ. ಠಾಣ್ಯ ಒಪ್ಪಿಸಿಕೊಡುವಾಗ ನೆಲಬಾಂಬು ಎಲ್ಲಿದೆ, ಹಾವು ಯಾವ ಕಲ್ಲಿನ ಸಂದಿಯಲ್ಲಿದೆ ಎಂಬುದನ್ನೆಲ್ಲ ಹೇಳುತ್ತಿದ್ದೆವು. ನೀರಿನ ಹೊತ್ತಿನ ಶಾಂತಿಯನ್ನು ಮಾತ್ರ ಹೇಳುವಂತಿರಲಿಲ್ಲ. ಶತ್ರುವಿನೊಡನೆ ಒಪ್ಪಂದವೆಂದು ಅಧಿಕಾರಿಯ ಕಿವಿಗೆ ಬಿದ್ದರೆ ಶಿಕ್ಷೆ. ಮೊದಲ ಮಹಾಯುದ್ಧದಲ್ಲಿ ಹಬ್ಬದ ದಿನ ಕಂದಕದಿಂದ ಎದ್ದು ಬಂದು ಕೈಕುಲುಕಿದ ಸೈನಿಕರ ಶಾಂತಿಯೂ ಬಾಳದೆ ಹೋಯಿತಲ್ಲ, ಮನುಷ್ಯನ ಸ್ವಭಾವವೇ ಹಾಗೆ ಎಂದು ಪಂಡಿತರು ತಲೆ ಅಲ್ಲಾಡಿಸುವುದುಂಟು. ನನಗೆ ಹಾಗನ್ನಿಸುವುದಿಲ್ಲ. ಯುದ್ಧಕ್ಕೆ ಕವಾಯತು ಇದೆ, ಕಹಳೆ ಇದೆ, ಒಬ್ಬರಿಂದೊಬ್ಬರಿಗೆ ದಾಟಿಸುವ ಕ್ರಮವಿದೆ. ಶಾಂತಿ ಮಾತ್ರ ಕಳ್ಳಮಾಲಿನ ಹಾಗೆ ಅಂಗಿಯೊಳಗೆ ಅಡಗಿಕೊಂಡು, ಅಡಗಿಸಿದವನು ವರ್ಗವಾದೊಡನೆ ಅವನೊಂದಿಗೇ ಹೊರಟುಹೋಗುತ್ತದೆ. ಅದಕ್ಕೂ ಒಂದು ಕವಾಯತು ಕೊಟ್ಟರೆ?

ಕೊಟ್ಟೆವು. ಗೋಡೆಗೆ ಎರಡು ಮೊಳೆ: ಒಂದರಲ್ಲಿ ದೋಸೆಯ ಕಾವಲಿ, ಇನ್ನೊಂದರಲ್ಲಿ ರೊಟ್ಟಿಯ ತವಾ. ಬೆಳಗಿನ ಒಲೆ ನಮ್ಮದು, ಸಂಜೆಯದು ಅವರದು. ಮೊದಲು ಮುಗಿಸಿದವರು ಒಲೆ ಒರೆಸಿಯೇ ಹೋಗಬೇಕು. ಎಲ್ಲಕ್ಕಿಂತ ಮುಖ್ಯವಾದದ್ದು, ಹೊಸಬ ಯಾವ ದೇಶದವನೇ ಆಗಿರಲಿ, ಪೆಟ್ಟಿಗೆ ಬಿಚ್ಚುವ ಮೊದಲೇ ಎದುರು ಪಕ್ಷದವನೊಬ್ಬ ಅವನನ್ನು ಒಲೆಯ ಮುಂದೆ ನಿಲ್ಲಿಸಿ ಈ ನಿಯಮಗಳನ್ನು ಒಪ್ಪಿಸಬೇಕು. ನಾವು ನಮ್ಮವರಿಗೆ ಹೇಳಿದರೆ ಉಪದೇಶ, ಎದುರಿನವನು ಹೇಳಿದರೆ ಕರಾರು.

“ಪರೇಡ್ ಮಾಡಿಸ್ತೀರಾ ರೈಗಳೇ, ಅಡುಗೆಮನೆಯಲ್ಲಿ?” ಎಂದು ರಫೀಕ್ ಗೊಣಗಿದ. ಆದರೂ ಮುಂದಿನ ವಾರ ಲಾಹೋರಿನಿಂದ ಬಂದವನಿಗೆ ಸಟ್ಟುಗ ತೋರಿಸಿ ಪಾಠ ಒಪ್ಪಿಸಿದವನು ಅವನೇ.

ಸ್ವಲ್ಪ ಕಾಲಕ್ಕೆ ನನ್ನನ್ನೂ ಗುಲ್ ಜಮಾನನನ್ನೂ ದೋಹಾದ ಹೊರಗೆ ಉಮ್ಮ್ ಸಲಾಲಿನ ಕೆಲಸಕ್ಕೆ ಹಾಕಿದರು; ರಫೀಕ್ ಊರಿಗೆ ಮರಳಿದ. ವರ್ಷಗಳು ಉರುಳಿದವು. ಮತ್ತೊಮ್ಮೆ ಎರಡು ದೇಶಗಳ ನಡುವೆ ಕೆಟ್ಟ ಸುದ್ದಿ ಹೊಗೆಯಾಡಿದಾಗ ನನಗೆ ತಡೆಯಲಾಗಲಿಲ್ಲ. ಶುಕ್ರವಾರ ಸಂಜೆ ಒಬ್ಬನೇ ಬಿನ್ ಒಮ್ರಾನಿಗೆ ಹೋದೆ. ಅಡುಗೆಮನೆಯಲ್ಲಿ ಒಂದು ಮುಖವೂ ಗುರುತಿನದಲ್ಲ. ನರೆತ ಮೀಸೆಯ ಪಠಾಣನೊಬ್ಬ ಹಿಟ್ಟು ನಾದುತ್ತಿದ್ದ. ನಮ್ಮ ಕರಾರು ಉಳಿದಿದೆಯೇ ನೋಡೋಣವೆಂದು ನಾನು ಕಾವಲಿಯನ್ನು ಮೊಳೆಯಿಂದ ತೆಗೆದು ಒಲೆಯ ಮೇಲಿಟ್ಟು ಅವನ ಹಿಟ್ಟಿನ ಉಂಡೆಗೆ ಕೈಹಾಕಿದೆ.

ಹಿಟ್ಟಿನ ಕೈಯಲ್ಲೇ ಅವನು ನನ್ನ ಮಣಿಕಟ್ಟು ಹಿಡಿದ.

“ಏ ಬಡೇ ಮಿಯಾಂ! ಇಡಿ ಅದನ್ನು, ಯಲ್ಲಾ, ಬೇಗ! ಅದು ಮದ್ರಾಸಿಗಳ ದೋಸೆಯದು. ಇದರಲ್ಲಿ ರೊಟ್ಟಿ ಸುಟ್ಟರೆ ಬೆಳಗ್ಗೆ ಅವರಿಗೆ ಏನು ಏಳುತ್ತದೆ?”

“ಯಾರು ಮಾಡಿದ ಕಾನೂನಿದು?”

“ಯಾರಿಗೆ ಗೊತ್ತು! ಇಲ್ಲಿ ಮೊದಲಿಂದಲೂ ಹೀಗೇ. ನೀವು ಹೊಸಬರಾ?”

ಹೌದು, ಹೊಸಬ ಎಂದೆ. ಅವನು ನನ್ನನ್ನು ಒಲೆಯ ಮುಂದೆ ನಿಲ್ಲಿಸಿ ಮೊದಲಿನಿಂದ ಒಪ್ಪಿಸತೊಡಗಿದ. ನಾನು ಹಿಮ್ಮಡಿ ಜೋಡಿಸಿ, ಎದೆಯುಬ್ಬಿಸಿ, ನಿಯಮಗಳನ್ನು ಕೊನೆಯವರೆಗೂ ಕೇಳಿದೆ.