ಗೆರೆ ಅಂದ್ರೆ ನಡಿ, ಚುಕ್ಕಿ ಅಂದ್ರೆ ನಿಲ್ಲು

ಬೆಳಿಗ್ಗೆ ಕಾಫಿ ಕುಡಿಯುತ್ತಾ ಪೇಪರ್ ಓದಿ ಹೇಳುವುದು ನಮ್ಮ ಮನೆಯಲ್ಲಿ ನನ್ನ ಕೆಲಸ. ನನ್ನ ಗಂಡನಿಗೆ ಕಣ್ಣು ಕಾಣುವುದಿಲ್ಲ. ಚಿಕ್ಕಂದಿನಲ್ಲಿ ಅಷ್ಟಿಷ್ಟು ಕಾಣುತ್ತಿತ್ತಂತೆ, ಶಾಲೆಗೆ ಹೋಗುವ ಹೊತ್ತಿಗೆ ಅದೂ ಹೋಯಿತು. ಫೋನು ಅವರಿಗೆ ಸುದ್ದಿಯನ್ನೆಲ್ಲ ಗಟ್ಟಿಯಾಗಿ ಓದಿ ಹೇಳುತ್ತದೆ. ಆದರೂ ನಾನೇ ಓದಬೇಕು. ಫೋನಿನ ಹೆಂಗಸು ಕೋಟಿ ಕೋಟಿ ಎಂದು ಒಂದೇ ದನಿಯಲ್ಲಿ ಹೇಳಿಬಿಡುತ್ತಾಳೆ, ಮಧ್ಯೆ ಯಾರನ್ನೂ ಬೈಯುವುದಿಲ್ಲ, ಅದರಲ್ಲಿ ಏನು ಸ್ವಾರಸ್ಯ ಎನ್ನುವುದು ಅವರ ವಾದ.

ಬೈಯುವುದರಲ್ಲಿ ನಾನು ಹಿಂದೆ ಬಿದ್ದವಳಲ್ಲ. ಮೇಲ್ಸೇತುವೆಗೆ ಇಷ್ಟು ಕೋಟಿ, ಯಾವುದೋ ವೃತ್ತದ ಕಾರಂಜಿಗೆ ಅಷ್ಟು ಲಕ್ಷ, ಹೋದ ವರ್ಷ ಹಾಕಿದ ರಸ್ತೆಗೆ ಈ ವರ್ಷ ಮತ್ತೆ ಟೆಂಡರ್. ಓದುತ್ತಾ ಓದುತ್ತಾ ನನ್ನ ದನಿ ಏರುತ್ತದೆ. ಆಗ ಅವರು ಲೋಟ ಕೆಳಗಿಟ್ಟು ಕೇಳುತ್ತಾರೆ: "ಅದು ಎಷ್ಟು ಕಲ್ಲಾಯ್ತು?"

ಇದು ನಮ್ಮಿಬ್ಬರ ಆಟ. ಕಲ್ಲು ಎಂದರೆ ಫುಟ್‌ಪಾತಿನ ಹಳದಿ ಕಲ್ಲು. ನೀವು ನೋಡಿರುತ್ತೀರಿ, ಕಣ್ಣು ಕಾಣದವರು ಕಾಲಲ್ಲಿ ತಡವಿ ನಡೆಯಲೆಂದು ಫುಟ್‌ಪಾತಿನ ನಡುವೆ ಉಬ್ಬುಉಬ್ಬಾಗಿ ಸಾಲಾಗಿ ಕೂರಿಸಿರುತ್ತಾರೆ. ಸರ್ಕಾರದ ಯಾವ ಲೆಕ್ಕ ಬಂದರೂ ನಾವು ಅದನ್ನು ಕಲ್ಲಿಗೆ ತಿರುಗಿಸುತ್ತಿದ್ದೆವು. ಆ ದುಡ್ಡಿಗೆ ಎಷ್ಟು ಕಲ್ಲು ಬರುತ್ತದೆ, ಅವನ್ನು ಸಾಲಾಗಿ ಹಾಕಿದರೆ ನನ್ನ ಗಂಡ ಒಬ್ಬರೇ ಎಲ್ಲಿಯವರೆಗೆ ನಡೆದುಕೊಂಡು ಹೋಗಬಹುದು ಎಂದು. ಕಾರಂಜಿಯ ದುಡ್ಡಲ್ಲಿ ಕೋಲಾರದವರೆಗೆ ಹೋಗಬಹುದಿತ್ತು. ಮೇಲ್ಸೇತುವೆಯ ಸುದ್ದಿ ಓದಿದ ದಿನ ಅವರು ಸ್ವಲ್ಪ ಯೋಚಿಸಿ, "ಕಾಶಿಗೆ ಹೋಗ್ಬಹುದು ಕಣೇ. ವಾಪಸ್ ಬರಕ್ಕೆ ಮಾತ್ರ ಟ್ರೈನು ಹಿಡೀಬೇಕು" ಎಂದಿದ್ದರು. ಲೆಕ್ಕ ಸರಿಯೋ ತಪ್ಪೋ ಯಾರಿಗೆ ಗೊತ್ತು. ನಗುವುದಕ್ಕೆ ಅಷ್ಟು ಸಾಕಿತ್ತು.

ನಗುತ್ತಿದ್ದೆವು ನಿಜ, ಆದರೆ ಆ ಕಲ್ಲುಗಳ ಮೇಲೇ ನಮ್ಮ ಸಂಸಾರ ನಿಂತಿತ್ತು.

ಮದುವೆಯಾದ ಹೊಸದರಲ್ಲಿ ನಾವು ಹೊರಮಾವಿನಲ್ಲಿ ಅತ್ತೆಯ ಜೊತೆಗಿದ್ದೆವು. ಗಂಡನ ಮನೆಯವರು ಅಲ್ಲಿಯ ಹಳಬರು. ಒಂದು ಕಾಲಕ್ಕೆ ರಾಗಿ ಬೆಳೆಯುತ್ತಿದ್ದ ಜಾಗದಲ್ಲಿ ಈಗ ಅತ್ತೆಯ ಬಾಡಿಗೆ ಮನೆಗಳಿವೆ. ಅನುಕೂಲಕ್ಕೇನೂ ಕಮ್ಮಿ ಇರಲಿಲ್ಲ, ಆದರೆ ಮನೆಯ ಗೇಟು ದಾಟಿದರೆ ಫುಟ್‌ಪಾತ್ ಎಂಬುದೇ ಇರಲಿಲ್ಲ. ಒಂದು ಕಡೆ ನೀರಿನ ಟ್ಯಾಂಕರು, ಇನ್ನೊಂದು ಕಡೆ ಜಲ್ಲಿ ರಾಶಿ. ಅತ್ತೆ ಗುರುತಿನ ಆಟೋ ಒಂದನ್ನು ತಿಂಗಳ ಲೆಕ್ಕದಲ್ಲಿ ಗೊತ್ತು ಮಾಡಿದ್ದರು. ಕೆ.ಆರ್. ಪುರದ ಕಡೆಯ ಒಂದು ಕಂಪನಿಯಲ್ಲಿ ಗ್ರಾಹಕರ ಫೋನುಗಳಿಗೆ ಉತ್ತರ ಹೇಳುವ ಕೆಲಸ ನನ್ನ ಗಂಡನದು. ಮಗ ತಲುಪಿದನೇ ಎಂದು ಅತ್ತೆ ಮಗನಿಗಲ್ಲ, ಆಟೋದವನಿಗೆ ಫೋನ್ ಮಾಡಿ ಕೇಳುತ್ತಿದ್ದರು.

"ನಾನು ಕೊರಿಯರ್ ಕಣೇ," ಎಂದು ಇವರು ನನ್ನ ಹತ್ತಿರ ಹೇಳಿಕೊಳ್ಳುತ್ತಿದ್ದರು. "ಬೆಳಿಗ್ಗೆ ಕಳಿಸ್ತಾರೆ, ಸಾಯಂಕಾಲ ರಿಟರ್ನ್ ಬರ್ತೀನಿ." ತಮಾಷೆಯ ಮಾತೇ, ಆದರೆ ಆಡುವಾಗ ಮುಖದಲ್ಲಿ ತಮಾಷೆ ಇರುತ್ತಿರಲಿಲ್ಲ.

ಹಲಸೂರಿನ ಮೆಟ್ರೋ ಸ್ಟೇಷನ್ನಿಗೆ ಹೋಗುವ ದಾರಿಯಲ್ಲಿ ಹೊಸ ಫುಟ್‌ಪಾತ್ ಆಗಿದೆ, ಹಳದಿ ಕಲ್ಲು ಸರಿಯಾಗಿ ಹಾಕಿದ್ದಾರೆ ಎಂದು ಅವರ ಆಫೀಸಿನ ಗೆಳೆಯನೊಬ್ಬ ಹೇಳಿದ. ಆತನಿಗೂ ಕಣ್ಣು ಕಾಣುವುದಿಲ್ಲ. ಒಂದು ಭಾನುವಾರ ಹೋಗಿ ನೋಡಿದೆವು. ನನ್ನನ್ನು ಒಂದು ಬೇಕರಿಯ ಮುಂದೆ ನಿಲ್ಲಿಸಿ ಇವರು ಬಿಳಿ ಕೋಲು ಬಿಚ್ಚಿ ಹೊರಟರು. ಅತ್ತ ಸ್ಟೇಷನ್ ಮುಟ್ಟಿ, ಇತ್ತ ತಿರುಗಿ ಬಂದರು. ಬಂದವರೇ, "ಇಲ್ಲೇ ಮನೆ ಮಾಡೋಣ" ಎಂದರು. ಉಳಿದವರು ನೀರು ನೋಡಿ, ವಾಸ್ತು ನೋಡಿ ಮನೆ ಹುಡುಕುತ್ತಾರೆ, ನಾವು ಫುಟ್‌ಪಾತ್ ನೋಡಿ ಹುಡುಕಿದೆವು. ಸಿಕ್ಕಿದ್ದು ಪಾತ್ರೆ ಅಂಗಡಿಯ ಮೇಲಿನ ಎರಡು ಕೋಣೆ. ಅಡುಗೆಮನೆಯಲ್ಲಿ ಇಬ್ಬರು ನಿಂತರೆ ಒಬ್ಬರು ಉಸಿರು ಬಿಗಿಹಿಡಿಯಬೇಕು. ಅತ್ತೆ ಬಂದು ನೋಡಿ, "ಅಷ್ಟು ದೊಡ್ಡ ಮನೆ ಬಿಟ್ಟು ಈ ಗೂಡಿಗೆ ಬಂದ್ರಾ ಮಗಾ?" ಎಂದು ಕಣ್ಣೊರೆಸಿಕೊಂಡರು.

"ಅಲ್ಲಿ ಮನೆ ಇದೆ ಅಮ್ಮ, ಇಲ್ಲಿ ದಾರಿ ಇದೆ," ಎಂದರು ಇವರು.

ಆ ಕಲ್ಲುಗಳಿಗೆ ಒಂದು ಭಾಷೆ ಇದೆ ಎಂದು ನನಗೆ ಗೊತ್ತಾದದ್ದು ಆಗಲೇ. ಉದ್ದುದ್ದ ಗೆರೆಗಳಿದ್ದರೆ ನಡೆಯಬಹುದು ಎಂದು ಅರ್ಥ. ಉಬ್ಬಿದ ಚುಕ್ಕಿಗಳಿದ್ದರೆ ನಿಲ್ಲಬೇಕು, ಮುಂದೆ ತಿರುವೋ ಮೆಟ್ಟಿಲೋ ರಸ್ತೆಯೋ ಇದೆ ಎಂದು. "ಗೆರೆ ಅಂದ್ರೆ ನಡಿ, ಚುಕ್ಕಿ ಅಂದ್ರೆ ನಿಲ್ಲು. ಸರ್ಕಾರ ನನಗೋಸ್ಕರ ರಂಗೋಲಿ ಹಾಕಿದೆ ನೋಡು," ಎನ್ನುತ್ತಿದ್ದರು. ಅವರು ಒಬ್ಬರೇ ಆಫೀಸಿಗೆ ಹೊರಟ ಮೊದಲ ದಿನ ನಾನು ತಡೆಯಲಾರದೆ ಸದ್ದಿಲ್ಲದೆ ಹಿಂದೆ ಹೋದೆ. ಟ್ರಾನ್ಸ್‌ಫಾರ್ಮರ್ ಹತ್ತಿರ ಚುಕ್ಕಿ ಸಿಕ್ಕಿತು, ನಿಂತರು, ಕಲ್ಲು ಹೇಳಿದಂತೆ ಎಡಕ್ಕೆ ಬಳಸಿಕೊಂಡು ಹೋದರು. ಸ್ಟೇಷನ್ನಿನ ಬಾಗಿಲಲ್ಲಿ ತಿರುಗದೆಯೇ, "ಗಾಜಿನ ಬಳೆ ಹಾಕ್ಕೊಂಡು ಪತ್ತೇದಾರಿ ಮಾಡ್ಬೇಡ, ನಿನ್ನ ಬಸ್ಸು ಹೋಗತ್ತೆ" ಎಂದರು. ನಾನು ಕಾಕ್ಸ್ ಟೌನಿನ ಒಂದು ಶಾಲೆಯಲ್ಲಿ ಕನ್ನಡ ಪಾಠ ಮಾಡುತ್ತೇನೆ. ಅವತ್ತು ಬಸ್ಸು ಹೋಗಿಯೇ ಹೋಯಿತು. ನನಗೆ ಬೇಜಾರಾಗಲಿಲ್ಲ.

ಆಮೇಲಿನ ದಿನಗಳು ಚೆನ್ನಾಗಿದ್ದವು. ಭಾನುವಾರ ಸಂಜೆ ಶಿವಾಜಿನಗರಕ್ಕೆ ಹೋಗಿ ಸಮೋಸ ತಿಂದು ಸುಲೈಮಾನಿ ಚಹಾ ಕುಡಿಯುತ್ತಿದ್ದೆವು. ಸಿನಿಮಾಕ್ಕೆ ಹೋದರೆ ಪರದೆಯ ಮೇಲೆ ನಡೆಯುವುದನ್ನು ನಾನು ಅವರ ಕಿವಿಯಲ್ಲಿ ಪಿಸುಗುಟ್ಟಬೇಕು. ಹೀರೋ ಬಂದಾಗ ಮಾತ್ರ ನಿನ್ನ ವಿವರಣೆ ಜಾಸ್ತಿಯಾಗುತ್ತದೆ ಎಂದು ರೇಗಿಸುತ್ತಿದ್ದರು. ಕೆಳಗಿನ ಅಂಗಡಿಯ ಭಾಯಿಗೂ ಇವರಿಗೂ ಸ್ನೇಹ ಬೆಳೆದದ್ದು ಒಂದು ಜಗಳದಿಂದ. ನಾವು ಬಂದ ಹೊಸದರಲ್ಲಿ ಭಾಯಿ ಯಾರಿಗೋ ಹೇಳುತ್ತಿದ್ದರು: "ಯಾರ್ಗೆ ಸ್ವಾಮಿ ಈ ಹಳದಿ ಕಲ್ಲು? ಪೂರಾ ದುಡ್ಡು ದಂಡ." ಮೆಟ್ಟಿಲಿಳಿಯುತ್ತಿದ್ದ ಇವರು, "ನನಗೆ ಭಾಯಿ," ಎಂದರು. ಭಾಯಿ ಅವರ ಕೈಲಿದ್ದ ಕೋಲನ್ನು ಆಗಲೇ ನೋಡಿದ್ದಂತೆ. ಮರುದಿನದಿಂದ ಅಂಗಡಿಯ ಮುಂದಿನ ಕಲ್ಲಿನ ಮೇಲೆ ಒಂದು ಬಿಂದಿಗೆಯನ್ನೂ ಇಡಲಿಲ್ಲ, ಪಕ್ಕದವರು ಸ್ಕೂಟರ್ ನಿಲ್ಲಿಸಿದರೆ ಅವರೇ ಗದರಿಸಿ ತೆಗೆಸುತ್ತಿದ್ದರು.

ಹೀಗಿರುವಾಗ ಫುಟ್‌ಪಾತ್ ಅಗೆದರು. ಕೇಬಲ್ಲೋ ಪೈಪೋ, ಕೇಳಿದರೆ ಒಬ್ಬೊಬ್ಬರು ಒಂದೊಂದು ಹೇಳಿದರು. ಚೆನ್ನಾಗಿದ್ದದ್ದನ್ನು ಕಿತ್ತು ಗುಡ್ಡೆ ಹಾಕಿದ್ದನ್ನು ನೋಡಿ ನನಗೆ ಮೈಯೆಲ್ಲ ಉರಿಯಿತು. ಹಾಗೆ ಅಗೆದು ಬಿಟ್ಟಿದ್ದಷ್ಟು ದಿನವೂ ಭಾಯಿ ಇವರನ್ನು ಸ್ಟೇಷನ್ನಿಗೆ ಬಿಟ್ಟು ಬರುತ್ತಿದ್ದರು. ಕೊನೆಗೆ ಒಂದು ದಿನ ಹಳದಿ ಕಲ್ಲನ್ನು ಮತ್ತೆ ಕೂರಿಸತೊಡಗಿದರು. ಶಾಲೆಯಿಂದ ಬರುತ್ತಾ ನಿಂತು ನೋಡಿದೆ. ಒಂದು ಗೆರೆಯ ಕಲ್ಲು, ಒಂದು ಚುಕ್ಕಿಯ ಕಲ್ಲು, ಮತ್ತೆ ಗೆರೆ, ಮತ್ತೆ ಚುಕ್ಕಿ. ಸೀರೆಯ ಅಂಚಿನ ಹಾಗೆ ಉದ್ದಕ್ಕೂ ಹಾಕಿಕೊಂಡು ಹೋಗಿದ್ದರು.

"ಇದು ಹೀಗೆ ಯಾಕೆ ಹಾಕಿದೀರ?" ಎಂದು ಮೇಸ್ತ್ರಿಯನ್ನು ಕೇಳಿದೆ.

ಅವನು ಸಂತೋಷದಿಂದಲೇ ಹೇಳಿದ. "ಡಿಸೈನ್ ಮೇಡಂ. ಮೊದ್ಲು ಬರೀ ಗೆರೆ ಗೆರೆ ಇತ್ತು, ಚೆನ್ನಾಗಿರ್ಲಿಲ್ಲ. ಎರಡು ಥರ ಕಲ್ಲು ಕಳ್ಸಿದಾರಲ್ಲ, ಮಿಕ್ಸ್ ಮಾಡಿದೀವಿ."

ಗೆರೆಯ ಅರ್ಥ, ಚುಕ್ಕಿಯ ಅರ್ಥ ಎಲ್ಲವನ್ನೂ ಅವನಿಗೆ ಹೇಳಿದೆ. ಅವನು ಬೆರಗಾಗಿ ಕೇಳಿಸಿಕೊಂಡ. ಯಾರೂ ತನಗೆ ಹೇಳಲಿಲ್ಲ ಎಂದ, ಅದು ಸುಳ್ಳಿರಲಾರದು. ಸಿಮೆಂಟ್ ಆಗಲೇ ಗಟ್ಟಿಯಾಗಿತ್ತು.

ಇವರು ಮೊದಲಿಗೆ ನಕ್ಕರು. ಹೆಜ್ಜೆಹೆಜ್ಜೆಗೂ ನಿಲ್ಲು, ನಡಿ, ನಿಲ್ಲು, ನಡಿ ಎನ್ನುತ್ತಿದ್ದ ಆ ದಾರಿಯಲ್ಲಿ ಒಮ್ಮೆ ಹೋಗಿ ಬಂದು, "ಸರ್ಕಾರಕ್ಕೆ ತೊದಲು ಬಂದಿದೆ" ಎಂದರು. ನನಗೆ ನಗು ಬರಲಿಲ್ಲ. ಬರುಬರುತ್ತಾ ಅವರು ಚುಕ್ಕಿಗೆ ನಿಲ್ಲುವುದನ್ನು ಬಿಟ್ಟು, ಗೆರೆ ಸಿಕ್ಕರೆ ದಾರಿ ಇದೆ ಎಂದಷ್ಟೇ ನಂಬಿ ನಡೆಯತೊಡಗಿದರು. ಬೇರೆ ಏನು ಮಾಡಲಾಗುತ್ತಿತ್ತು?

ಟ್ರಾನ್ಸ್‌ಫಾರ್ಮರ್ ಹತ್ತಿರ ಮೊದಲು ಎಡಕ್ಕೆ ಬಳಸುತ್ತಿದ್ದ ಸಾಲು ಈಗ ನೇರವಾಗಿ ಮುಂದಕ್ಕೆ ಹೋಗಿತ್ತು. ಅದರ ಕೊನೆಗೆ ಚರಂಡಿಯ ಗುಂಡಿ. ಗುಂಡಿಯ ಮೇಲಿನ ಚಪ್ಪಡಿಯನ್ನು ಯಾರೋ ತೆಗೆದವರು ಮತ್ತೆ ಮುಚ್ಚಿರಲಿಲ್ಲ. ನಾನು ತರಗತಿಯಲ್ಲಿದ್ದಾಗ ಭಾಯಿಯ ಫೋನ್ ಬಂತು. "ಬೇಟಿ, ಗಾಬ್ರಿ ಆಗ್ಬೇಡಮ್ಮ. ಬಿದ್ಬಿಟ್ಟವ್ರೆ. ಎತ್ತಿದೀನಿ, ಆಸ್ಪತ್ರೆಲಿ ಇದೀವಿ, ಬಾ." ಹೋಗುವಷ್ಟರಲ್ಲಿ ಮೊಣಕಾಲಿನ ಕೆಳಗೆ ಹೊಲಿಗೆ ಹಾಕಿದ್ದರು. ಮಣಿಕಟ್ಟು ಊದಿತ್ತು. ಬಟ್ಟೆಯೆಲ್ಲ ಚರಂಡಿಯ ಕೆಸರು. 

"ಗೆರೆ ಇತ್ತು ಕಣೇ," ಎಂದರು. ಮತ್ತೆ, "ಕಾಲಿಗೆ ಗೆರೆನೇ ಸಿಕ್ತು. ನಡಿ ಅಂತು. ನಡೆದೆ."

ಕೆಟ್ಟ ಸಿಟ್ಟು ಬಂದಿತ್ತು ನನಗೆ. ಆ ಸಿಟ್ಟಿನಲ್ಲೇ ಪಾಲಿಕೆಯ ಇಂಜಿನಿಯರ್ ಆಫೀಸಿಗೆ ಹೋದೆ. ಅಲ್ಲಿದ್ದ ಇಂಜಿನಿಯರ್ ನಮ್ಮ ವಯಸ್ಸಿನವರೇ, ಕೂರಿಸಿ ಮಾತಾಡಿಸಿದರು, ಗುಂಡಿಯ ಚಪ್ಪಡಿಯನ್ನು ಅವತ್ತೇ ಮುಚ್ಚಿಸಿದರು. ಕಲ್ಲಿನ ವಿಷಯಕ್ಕೆ ಬಂದಾಗ ಮಾತ್ರ ಕುರ್ಚಿಯಲ್ಲಿ ಹಿಂದಕ್ಕೆ ಒರಗಿದರು.

"ಎಸ್ಟಿಮೇಟಲ್ಲಿ ಹಳದಿ ಟೈಲ್ಸ್ ಅಂತ ಇದೆ ಮೇಡಂ. ಹಳದಿ ಟೈಲ್ಸೇ ಹಾಕಿದೀವಿ. ಕೆಲಸ ಮುಗೀತು, ಬಿಲ್ ಆಯ್ತು."

"ತಪ್ಪಾಗಿ ಹಾಕಿದೀರಲ್ಲ. ಕಿತ್ತು ಸರಿಯಾಗಿ ಹಾಕಿಸಿ."

"ಮೊನ್ನೆ ತಾನೇ ಹಾಕಿದ ಫುಟ್‌ಪಾತ್ ಮತ್ತೆ ಅಗೆದ್ರೆ ಜನ ಬಿಡ್ತಾರಾ? ದುಡ್ಡು ಹಾಳು ಮಾಡ್ತಿದಾರೆ ಅಂತ ಪೇಪರಲ್ಲಿ ಬರತ್ತೆ. ನೀವೇ ಓದಿ ಬೈತೀರ."

 ದಿನವೂ ಅಗೆತವನ್ನು ಬೈದುಕೊಂಡೇ ಕಾಫಿ ಕುಡಿಯುವವಳು ನಾನು, ಅವತ್ತು ಅಗೆಯಿರಿ ಎಂದು ಬೇಡಿಕೊಳ್ಳುತ್ತಿದ್ದೆ. ಸರ್ಕಾರ ಖರ್ಚು ಮಾಡಿದ್ದಕ್ಕೂ ನನಗೆ ಸಂಕಟ, ಮಾಡದಿದ್ದರೂ ಸಂಕಟ. ಎದ್ದು ಬರುವಾಗ ಆತ, "ನೋಡೋಣ ಮೇಡಂ," ಎಂದರು.

ಮನೆಗೆ ಬಂದು ಹೇಳಿದೆ. ಮಂಚದ ಮೇಲೆ ಕಾಲು ಚಾಚಿಕೊಂಡಿದ್ದ ಇವರು, "ಸರ್ಕಾರ ನೋಡೋಣ ಅಂದ್ರೆ ನನ್ನ ಹಾಗೇನೇ. ಕಾಣಲ್ಲ ಅಂತ ಅರ್ಥ," ಎಂದರು. ಬಿದ್ದ ಮೇಲೆ ಅವರು ಆಡಿದ ತಮಾಷೆಯ ಮಾತು ಅದೊಂದೇ.

ಹೊಲಿಗೆ ಬಿಚ್ಚಿ ಎಷ್ಟೋ ದಿನವಾಯಿತು. ಬೆಳಿಗ್ಗೆ ಈಗ ನಾನೇ ಅವರನ್ನು ಸ್ಟೇಷನ್ ಮುಟ್ಟಿಸಿ ಶಾಲೆಗೆ ಓಡುತ್ತೇನೆ. ತಡವಾಗಿ ಹೋಗಿ ಹೆಡ್ ಮಿಸ್ ಹತ್ತಿರ ಬೈಸಿಕೊಳ್ಳುತ್ತೇನೆ, ಅದಕ್ಕಲ್ಲ ನನ್ನ ದುಃಖ. ಭಾನುವಾರ ಶಿವಾಜಿನಗರದಲ್ಲಿ ಅಡ್ಡಾಡುವಾಗಲೂ ಅವರು ನನ್ನ ಕೈ ಹಿಡಿಯುತ್ತಿದ್ದರು. ಹಿಡಿದ ಕೈಯನ್ನು ಆಡಿಸುತ್ತಿದ್ದರು, ಬಳೆ ಎಣಿಸುತ್ತಿದ್ದರು. ಈಗ ಮೊಣಕೈ ಹಿಡಿಯುತ್ತಾರೆ, ಬಿಗಿಯಾಗಿ, ಅರ್ಧ ಹೆಜ್ಜೆ ಹಿಂದೆ. ಕಾಲಿಗೆ ಹಳದಿ ಕಲ್ಲು ಸಿಕ್ಕರೆ ಪಕ್ಕಕ್ಕೆ ಸರಿಯುತ್ತಾರೆ. ಬಿಳಿ ಕೋಲು ಚಪ್ಪಲಿ ಸ್ಟ್ಯಾಂಡಿನ ಮೇಲೆ ಮಡಿಸಿದಂತೆಯೇ ಇದೆ. ತೆಗೆದುಕೊಳ್ಳಿ ಎನ್ನಲು ನನಗೂ ಭಯ.

ಹೋದ ಭಾನುವಾರ ಬೆಳಿಗ್ಗೆ ಅತ್ತೆಯ ಫೋನ್ ಬಂತು. ಇವರು ಸ್ಪೀಕರಿಗೆ ಹಾಕಿದ್ದರು.

"ಕೆಳಗಿನ ಮನೆ ಖಾಲಿ ಮಾಡಿಸ್ದೆ ಮಗಾ. ಸುಣ್ಣ ಬಣ್ಣ ಹೊಡಿಸ್ತಿದೀನಿ. ಆಟೋದವ್ನಿಗೂ ಹೇಳಿದೀನಿ. ಬಂದ್ಬಿಡಿ ಇಬ್ರೂ."

ಇಲ್ಲಿ ದಾರಿ ಇದೆ ಅಮ್ಮ ಎನ್ನುತ್ತಾರೆಂದು ನಾನು ಪೇಪರ್ ಹಿಡಿದು ಕಾದೆ. ಎಷ್ಟು ಸಲ ಕರೆದರೂ ಅದೊಂದೇ ಉತ್ತರ ಅವರದು.

"ನೋಡೋಣಮ್ಮ," ಎಂದರು.

ಫೋನ್ ಇಟ್ಟ ಮೇಲೆ ಸುಮ್ಮನಿರುವುದು ನನ್ನ ಕೈಲಾಗಲಿಲ್ಲ. ಪೇಪರ್ ಬಿಡಿಸಿ ಮೊದಲ ಪುಟದ ಸುದ್ದಿಯನ್ನೇ ಗಟ್ಟಿಯಾಗಿ ಓದಿದೆ. ಯಾವುದೋ ಹೊಸ ರಸ್ತೆಗೆ ಸಾವಿರಾರು ಕೋಟಿ. ಬೇಕೆಂದೇ ದನಿ ಏರಿಸಿ ಬೈದೆ. ಎಷ್ಟು ಕಲ್ಲು ಎಂದು ಅವರು ಕೇಳಲಿಲ್ಲ. ಕೊನೆಗೆ ನಾನೇ ಕೇಳಿದೆ, "ಇದು ಎಷ್ಟು ಕಲ್ಲಾಯ್ತು ರೀ?"

ಅವರು ಲೋಟವನ್ನು ಎರಡು ಕೈಯಲ್ಲೂ ಹಿಡಿದು ಕೂತಿದ್ದರು. ಕಾಶಿಯನ್ನೂ ದಾಟಿ ಹೋಗಬಹುದಾದಷ್ಟು ದುಡ್ಡು ಅದು.

"ನಮ್ಮ ಮೆಟ್ಟಿಲಿಂದ ಸ್ಟೇಷನ್‌ವರ್ಗೂ ಬರತ್ತಾ, ನೋಡು," ಎಂದರು.